ಕಾಕಾ, ಮಣ್ಣಿನ ದಾರಿಗೆ ಯಾವ ಗಾಡಿ?

ಪ್ರಶ್ನೆ: ಕಾಕಾ, ನಮಸ್ಕಾರ್ರಿ. ನಾನು ಹಾವೇರಿ ಕಡೆಯವ, ಇಲ್ಲಿ ಹಿಂಜವಡಿಯೊಳಗ ಕೆಲಸ. ಎತ್ತರ ಐದಡಿ ಐದಿಂಚು, ತೂಕ 62 ಕಿಲೊ. ಇಲ್ಲೀತನಕ 125 ಸಿಸಿ ಗಾಡಿ ಬಿಟ್ಟರ ಬ್ಯಾರೆ ಓಡಿಸಿಲ್ಲ. ಮುಳಶಿ, ಪಾನಶೇತ ಕಡೆ ಕಚ್ಚಾ ದಾರಿಯೊಳಗ ಓಡಿಸೂದು ಕಲೀಬೇಕಂತ ಭಾಳ ಆಸೆ. ಗೆಳೆಯರೆಲ್ಲ "ತಗೊಂಡ್ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತಗೋ, ಮತ್ತ ಮತ್ತ ಬದಲಾಯಿಸೂದು ಬ್ಯಾಡ" ಅಂತಾರ. ನನ್ನ ಮನಸ್ಸು ಹೀರೋ ಎಕ್ಸ್‌ಪಲ್ಸ್ ಮ್ಯಾಲೆ ಐತಿ. ಆದ್ರ ಅದರಾಗ ಊರಿಗೆ ಹೋಗಾಕ ಶಕ್ತಿ ಸಾಲೂದಿಲ್ಲೇನೋ ಅಂತ ಅಂಜಿಕಿ. ಯಾವುದು ತಗೊಳ್ಳಲಿ?
– ಎಸ್. ಬಿ., ಹಿಂಜವಡಿ, ಪುಣೆ

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ, ತಮ್ಮಾ. ಎಕ್ಸ್‌ಪಲ್ಸ್ ತಗೊಳ್ಳಿ.

ಶೋರೂಮಿನಲ್ಲಿ ಕೊಡುವ ಕಾಗದ ನೋಡಿದರೆ ಹಿಮಾಲಯನ್ 450 ಮತ್ತು ಎಕ್ಸ್‌ಪಲ್ಸ್ 200 4ವಿ ಎರಡರ ಸೀಟಿನ ಎತ್ತರವೂ 825 ಮಿ.ಮೀ. ಎರಡಕ್ಕೂ ಮುಂದೆ 21 ಇಂಚಿನ ಸ್ಪೋಕ್ ಚಕ್ರ. ನುಣುಪು ನೆಲದ ಮೇಲೆ ನಿಲ್ಲಿಸಿ ಕೂತು ನೋಡಿದರೆ ಎರಡೂ ಒಂದೇ ಅನಿಸುತ್ತವೆ. ಆದರೆ ಪೆಟ್ರೋಲ್ ತುಂಬಿದ ಎಕ್ಸ್‌ಪಲ್ಸ್ ಸುಮಾರು 159 ಕಿಲೊ, ಹಿಮಾಲಯನ್ 196 ಕಿಲೊ. ನಡುವೆ 37 ಕಿಲೊ. ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಕೂಡ ಅಷ್ಟು ತೂಗುವುದಿಲ್ಲ. ಗಾಡಿ ಡಾಂಬರಿನ ಮೇಲೆ ಓಡುತ್ತಿರುವಾಗ ಈ ತೂಕ ಗೊತ್ತೇ ಆಗುವುದಿಲ್ಲ, ಹೆದ್ದಾರಿಯಲ್ಲಿ ಗಾಳಿಗೆ ಅಲುಗದೆ ಹೋಗಲು ಅದೇ ಅನುಕೂಲ ಕೂಡ. ಮಣ್ಣಿನಲ್ಲಿ ಗಾಡಿ ಮಲಗಿದಾಗ ಮಾತ್ರ ಅದು ಗೊತ್ತಾಗುತ್ತದೆ. ಕಲಿಯುವವರ ಗಾಡಿ ಮಲಗಿಯೇ ಮಲಗುತ್ತದೆ. ನನ್ನ ಗ್ಯಾರೇಜಿಗೆ ಬರುವ ಹುಡುಗರಿಗೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಯಾರೂ ಇಲ್ಲದ ಜಾಗದಲ್ಲಿ, ಇಳಿಜಾರಿನಲ್ಲಿ, ಮೂರನೇ ಸಲ ಬಿದ್ದ ಈ ಗಾಡಿಯನ್ನು ನೀನೊಬ್ಬನೇ ಎತ್ತಬಲ್ಲೆಯಾ? ಸಿಸಿ, ಪಿಎಸ್ (ಎಂಜಿನ್ನಿನ ಶಕ್ತಿಯ ಲೆಕ್ಕ), ಸ್ಕ್ರೀನಿನ ಬಣ್ಣ ಎಲ್ಲ ಆಮೇಲೆ.

ಹೋದ ಮಳೆಗಾಲದಲ್ಲಿ ಪೌಡ್ ದಾಟಿ ಒಳಗೆ ಒಂದು ಹಳ್ಳದ ಹತ್ತಿರ ಕಂಡದ್ದು ಹೇಳುತ್ತೇನೆ. ಹಳ್ಳ ಆಳವಿರಲಿಲ್ಲ, ಮೊಣಕಾಲಿಗಿಂತ ಕೆಳಗೇ ನೀರು. ದಾಟಿದ ಮೇಲೆ ಒದ್ದೆ ಗರಸಿನ ಸಣ್ಣ ಏರು. ದೊಡ್ಡ ಗಾಡಿಯ ಹುಡುಗ ಏರಿನ ನಡುವೆ ಕ್ಲಚ್ ಹಿಡಿದು ನಿಂತ, ಕಾಲು ಊರಲು ಹೋದರೆ ಆ ಬದಿಗೆ ನೆಲವೇ ತಗ್ಗು. ಗಾಡಿ ನಿಧಾನವಾಗಿ, ನಿಂತಲ್ಲೇ ಮಲಗಿತು. ಮೊದಲ ಸಲ ಒಂದೇ ಉಸಿರಿಗೆ ಎತ್ತಿದ. ಎರಡನೇ ಸಲ ಬಿದ್ದಾಗ ಗೆಳೆಯನನ್ನು ಕರೆದ. ಮೂರನೇ ಸಲಕ್ಕೆ ಅವನ ಎಡಗೈ ಬೆರಳು ನಡುಗಿ ಕ್ಲಚ್ ಲಿವರ್ ಒತ್ತಲು ಬರುತ್ತಿರಲಿಲ್ಲ. ಧೈರ್ಯ ಇತ್ತು, ಓಡಿಸುವ ರೀತಿಯೂ ಕೆಟ್ಟದಿರಲಿಲ್ಲ. ತೋಳಿನ ಕಸುವು ಮುಗಿದುಹೋಗಿತ್ತು, ಅಷ್ಟೆ. ದಣಿದ ಕೈಯಲ್ಲಿ ಯಾರೂ ಏನೂ ಕಲಿಯಲಾರರು. ಗಾಡಿ ಹಗುರವಿದ್ದರೆ ಅದೇ ಏರನ್ನು ಹತ್ತು ಸಲ ಹತ್ತಿ ಇಳಿದು ಅಭ್ಯಾಸ ಮಾಡಬಹುದು.

ಎತ್ತುವ ರೀತಿಯನ್ನೂ ಕೊಂಡ ದಿನವೇ ಕಲಿತುಬಿಡಿ. ಮೊದಲು ಕೀ ಆಫ್. ಗಾಡಿ ಉರುಳದಂತೆ ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆರೆಯಿರಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತದೆ. ಹ್ಯಾಂಡಲ್ಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿನ ತುದಿಗೆ, ಇನ್ನೊಂದು ಕೈ ಸೀಟಿನ ಕೆಳಗೆ ಗಟ್ಟಿ ಹಿಡಿತ ಸಿಗುವಲ್ಲಿ. ಸೊಂಟ ಬಗ್ಗಿಸದೆ, ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಏಳಿ. ಬಗ್ಗಿ ಎಳೆದವರ ಬೆನ್ನು ಹಿಡಿದುಕೊಂಡದ್ದನ್ನು ಸಾಕಷ್ಟು ನೋಡಿದ್ದೇನೆ.

ಇನ್ನು ಊರಿನ ಮಾತು. ಪುಣೆಯಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ಹಾವೇರಿಗೆ ಸುಮಾರು 500 ಕಿಲೋಮೀಟರ್. ಎಕ್ಸ್‌ಪಲ್ಸ್ 200 ಗಂಟೆಗೆ 80ರ ಆಸುಪಾಸಿನಲ್ಲಿ ದಿನವಿಡೀ ಓಡುತ್ತದೆ, ನೂರರ ಮೇಲೆ ಒತ್ತಿದರೆ ನಿಮಗೂ ಸುಖವಿಲ್ಲ, ಎಂಜಿನ್ನಿಗೂ ಇಲ್ಲ. ವರ್ಷಕ್ಕೆ ಎರಡು-ಮೂರು ಸಲ ಊರಿಗೆ ಹೋಗುವವರು ಆ ಹೆದ್ದಾರಿಗಾಗಿ, ವಾರವಾರ ಮಣ್ಣಿನಲ್ಲಿ ಎತ್ತಬೇಕಾದ ಗಾಡಿ ಆರಿಸಬಾರದು. ಇನ್ನೂ ಅಂಜಿಕೆ ಇದ್ದರೆ 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನೋಡಿ. ನೀರಿನಿಂದ ತಣಿಯುವ ಎಂಜಿನ್, 24.6 ಪಿಎಸ್, ತೂಕ 170 ಕಿಲೊ ಒಳಗೇ. ಕವಾಸಾಕಿಯ ಕೆಎಲ್‌ಎಕ್ಸ್ 230 ಬರೀ 139 ಕಿಲೊ, ನನಗೆ ಬಹಳ ಇಷ್ಟದ ಗಾಡಿ. ಆದರೆ ಸೀಟು 880 ಮಿ.ಮೀ. ನಿಮ್ಮ ಎತ್ತರಕ್ಕೆ ಮೊದಲ ಗಾಡಿಯಾಗಿ ಕಷ್ಟ. ಕೆಟಿಎಂ 390 ಎಂಡ್ಯೂರೊ ಆರ್‌ನ 46 ಪಿಎಸ್, 125ರಿಂದ ಬಂದ ಕೈಗೆ ಈಗಲೇ ಬೇಡ.

ಉಳಿದ ಹಣವನ್ನು ಬೂಟು, ಮೊಣಕಾಲಿನ ಗಾರ್ಡು, ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ಟಿಗೆ ಇಡಿ. ಬೂಟಿಗೆ ಮೊದಲ ಸ್ಥಾನ. ಗಾಡಿ ಮಲಗುವಾಗ ಕೆಳಗೆ ಸಿಕ್ಕಿಕೊಳ್ಳುವುದು ಕಣಕಾಲು. ಗಾಡಿಗೆ ಹಾಕಿಸುವುದಾದರೆ ಗಟ್ಟಿ ಹ್ಯಾಂಡ್ ಗಾರ್ಡು ಮತ್ತು ಎಂಜಿನ್ ಕೆಳಗಿನ ಬ್ಯಾಷ್ ಪ್ಲೇಟು, ಇವೆರಡೇ ಸಾಕು. ಕ್ಲಚ್ ಮತ್ತು ಬ್ರೇಕ್ ಲಿವರಿನ ಕ್ಲಾಂಪ್ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿಸಬೇಡಿ. ಓಡಿಸುವಾಗ ಅಲುಗಬಾರದು, ಆದರೆ ಅಂಗೈಯಿಂದ ಜೋರಾಗಿ ಹೊಡೆದರೆ ತಿರುಗಬೇಕು. ಹಾಗಿದ್ದರೆ ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಕಚ್ಚಾ ದಾರಿಗಿಳಿಯುವಾಗ ಟೈರಿನ ಹವಾ 20 ಪಿಎಸ್‌ಐ ಸುತ್ತಮುತ್ತ ಇಳಿಸಿ. ಟ್ಯೂಬ್ ಇರುವ ಟೈರಿನಲ್ಲಿ ಅದಕ್ಕಿಂತ ಬಹಳ ಕೆಳಗೆ ಹೋದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತವೆ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಿ, ಅದಕ್ಕೊಂದು ಸಣ್ಣ ಪಂಪು ಜೊತೆಗಿರಲಿ.

ಇನ್ನೊಂದು. ರಜೆಗೆ ಕರ್ನಾಟಕಕ್ಕೆ ಹೋದಾಗ ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕಿನಲ್ಲಿ ತರಬೇತಿ ತಗೊಳ್ಳಿ. ಅದನ್ನು ಕಟ್ಟಿದವರು ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ ಕಚ್ಚಾ ದಾರಿಯ ದೀರ್ಘ ಓಟವಾದ ಡಕಾರ್ ರ‍್ಯಾಲಿ ಓಡಿಸಿ ಮುಗಿಸಿದ ಮೊದಲ ಭಾರತೀಯ. ಕಾಲಿಡುವ ಪೆಗ್ ಮೇಲೆ ಎದ್ದು ನಿಲ್ಲುವುದು, ಮೊಣಕಾಲಿನಿಂದ ಟ್ಯಾಂಕು ಹಿಡಿಯುವುದು, ಕ್ಲಚ್ಚಿಗೆ ಎರಡೇ ಬೆರಳು ಇಡುವುದು, ಕಣ್ಣು ಮುಂದಿನ ಚಕ್ರದ ಮೇಲಿರದೆ ದೂರದ ದಾರಿಯ ಮೇಲಿರುವುದು, ಇವನ್ನು ಗುರುಗಳು ಪಕ್ಕದಲ್ಲಿ ನಿಂತು ತಿದ್ದಿದರೆ ಬೇಗ ಮೈಗೆ ಹತ್ತುತ್ತವೆ.

ಪ್ರಶ್ನೆ: ನಾನು ಐದಡಿ ಎರಡಿಂಚು. "ಎರಡೂ ಕಾಲು ಊರಲಾಗದ ಗಾಡಿ ಹೆಣ್ಣುಮಕ್ಕಳಿಗೆ ಬೇಡ, ಸ್ಕೂಟರ್ ತಗೊಳ್ಳಿ" ಎಂದು ಶೋರೂಮಿನಲ್ಲಿ ಹೇಳಿದರು. ನನ್ನ ಎತ್ತರಕ್ಕೆ ಇಂಥ ಗಾಡಿ ಆಗುವುದೇ ಇಲ್ಲವೇ, ಕಾಕಾ?
– ವಿ. ಕೆ., ಡೊಂಬಿವಿಲಿ

ಉತ್ತರ: ಆಗುತ್ತದೆ, ತಂಗೀ. ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಕಚ್ಚಾ ದಾರಿಯ ಬೈಕ್ ಓಟದ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ದೇಶದಲ್ಲಿ ಇನ್ನೂ ಹೀಗೆ ಹೇಳಿ ಕಳಿಸುತ್ತಾರಲ್ಲ ಎಂದು ನಿಮ್ಮ ಪತ್ರ ಓದಿ ಬೇಸರವಾಯಿತು.

ಎರಡೂ ಕಾಲು ಪೂರ್ತಿ ಊರಬೇಕೆಂಬ ನಿಯಮವಿಲ್ಲ. ನಿಲ್ಲುವ ಮೊದಲು ಸೊಂಟವನ್ನು ಸೀಟಿನ ಎಡ ಅಂಚಿಗೆ ಜಾರಿಸಿ ಎಡಗಾಲೊಂದನ್ನೇ ಪೂರ್ತಿ ಊರುವುದು, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಇದು ಅಭ್ಯಾಸದ ವಿಷಯ, ಖಾಲಿ ಮೈದಾನದಲ್ಲಿ ಕಲಿಯಿರಿ. ಕಾಗದದಲ್ಲಿ ಬರೆದ ಸೀಟಿನ ಎತ್ತರವನ್ನು ಮಾತ್ರ ನೋಡಬೇಡಿ. ಸೀಟಿನ ಮುಂಭಾಗ ಅಗಲವಿದ್ದರೆ ಕಾಲು ಅಗಲವಾಗಿ ಹರಡಿ ನೆಲ ಇನ್ನೂ ದೂರವಾಗುತ್ತದೆ. ಗಾಡಿಯ ಮೇಲೆ ಕೂತಾಗ ಸಸ್ಪೆನ್ಷನ್ ಎಷ್ಟು ತಗ್ಗುತ್ತದೆ ಎನ್ನುವುದೂ ಮುಖ್ಯ. ನಿಮ್ಮಂಥ ಹಗುರ ಸವಾರರು ಹಿಂದಿನ ಶಾಕಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಕಡಿಮೆ ಮಾಡಿಸಿಕೊಂಡರೆ ಅದು ಇನ್ನಷ್ಟು ತಗ್ಗುತ್ತದೆ. ಆಮೇಲೆ ಸೀಟಿನ ಫೋಮ್ ಕತ್ತರಿಸಿ ಎರಡು-ಮೂರು ಸೆಂಟಿಮೀಟರ್ ಇಳಿಸಬಹುದು. ಗಾಡಿಯ ಸೀಟು ಹೊಲಿಯುವವರು ಎಲ್ಲ ಊರಲ್ಲೂ ಇದ್ದಾರೆ, ಅಂಚಿನ ಕಡೆ ಕಿರಿದು ಮಾಡಿಸಿ.

ಹಿಂದಿನ ಸಸ್ಪೆನ್ಷನ್ನಿಗೆ ಲೋವರಿಂಗ್ ಲಿಂಕ್ ಎಂಬ ಭಾಗ ಹಾಕಿಸಿ ಗಾಡಿಯನ್ನೇ ತಗ್ಗಿಸುವುದು ಕಡೆಯ ಉಪಾಯ. ಗ್ರೌಂಡ್ ಕ್ಲಿಯರೆನ್ಸ್ ಕಡಿಮೆಯಾಗಿ ಎಂಜಿನ್ ತಳ ಕಲ್ಲಿಗೆ ಬಡಿಯುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಂತು ಆ ಕಡೆ ಬೀಳುತ್ತದೆ. ಹಾಕಿಸಲೇಬೇಕಾದರೆ ಮುಂದಿನ ಫೋರ್ಕನ್ನೂ ಅದೇ ಅಳತೆಗೆ ಕ್ಲಾಂಪಿನಲ್ಲಿ ಮೇಲೆತ್ತಿ, ಸ್ಟ್ಯಾಂಡ್ ಕತ್ತರಿಸಿ ಬೆಸೆಯಬೇಕು. ಎಕ್ಸ್‌ಪಲ್ಸಿನ ಪ್ರೊ ಮಾದರಿಯ ಸೀಟು 891 ಮಿ.ಮೀ. ಹೆಸರಿಗೆ ಮರುಳಾಗಿ ಅದನ್ನು ಬುಕ್ ಮಾಡಬೇಡಿ, ಸಾದಾ ಮಾದರಿಯೇ ನಿಮಗೆ ತಕ್ಕದ್ದು.

ಪ್ರಶ್ನೆ: ನಾವು ಗೋವೆಯಲ್ಲಿದ್ದೇವೆ. ಹೊಸ ಗಾಡಿಯನ್ನು ಸಮುದ್ರದ ಮರಳಿನಲ್ಲಿ ಮತ್ತು ಮಳೆ ನಿಂತ ಮೇಲೆ ಬಯಲು ಸಡಾಗಳಲ್ಲಿ (ಕೆಂಪುಕಲ್ಲಿನ ಎತ್ತರದ ಬಯಲುಗಳಲ್ಲಿ) ಓಡಿಸಿ ಕಲಿಯಬಹುದೇ?
– ಆರ್., ಮಾಪುಸಾ

ಉತ್ತರ: ಎರಡೂ ಬೇಡ. ಗೋವೆಯ ಕಡಲತೀರದಲ್ಲಿ ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ. ಮೊರ್ಜಿ, ಅಗೊಂದ, ಗಾಲ್ಜಿಬಾಗ್ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮರಳು ತೋಡಿ ಮೊಟ್ಟೆ ಇಡುತ್ತವೆ. ಮೊಟ್ಟೆ ಮರಳಿನೊಳಗೆ ಇರುವುದರಿಂದ ಚಕ್ರ ಹಾಯಿಸಿದವನಿಗೆ ಏನು ತುಳಿದೆ ಎಂಬುದು ಗೊತ್ತೂ ಆಗುವುದಿಲ್ಲ. ಗಾಡಿಗೂ ಒಳ್ಳೆಯದಲ್ಲ, ಉಪ್ಪು ನೀರು ಚೈನು, ಸ್ಪೋಕ್ ನಿಪ್ಪಲ್‌ಗಳನ್ನು ತಿಂದುಹಾಕುತ್ತದೆ.

ಸಡಾದ ವಿಷಯದಲ್ಲಿ ನನಗೆ ಇನ್ನೂ ಸಂಕಟ. ದೂರದಿಂದ ಅದು ಬರೀ ಬೋಳು ಕೆಂಪುಕಲ್ಲಿನ ಹಾಸು. ಆದರೆ ಆ ಕಲ್ಲಿನ ಮೇಲೆ ಬೆರಳುದ್ದವೂ ಇಲ್ಲದ ಮಣ್ಣಿನ ಪದರದಲ್ಲೇ ಮಳೆಗಾಲದ ಹೂಗಳೆಲ್ಲ ಬೇರೂರುವುದು. ಹಿಂದಿನ ಚಕ್ರದ ಉಬ್ಬುಹಲ್ಲಿನ ಟೈರು ಒಮ್ಮೆ ಜಾರಿದರೆ ಆ ಪದರ ಸುಲಿದು ಬರುತ್ತದೆ, ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು. ಸಾತಾರಾದ ಹೂವಿನ ಬಯಲು ಕಾಸ್ ಪಠಾರಕ್ಕೆ ಬೇಲಿ, ಕಾವಲು ಹಾಕಬೇಕಾಗಿ ಬಂದದ್ದು ಜನರ ತುಳಿತದಿಂದಲೇ. ಅಲ್ಲದೆ ಪಾಚಿಗಟ್ಟಿದ ಕೆಂಪುಕಲ್ಲಿನ ಮೇಲೆ ಬ್ರೇಕು ನಿಲ್ಲುವುದೂ ಇಲ್ಲ. ಊರೂರು ಸೇರಿಸುವ ಕಚ್ಚಾ ರಸ್ತೆಗಳಲ್ಲಿ ಓಡಿಸಿ. ಖಾಸಗಿ ಜಾಗವಾದರೆ ಮಾಲೀಕರನ್ನು ಕೇಳಿ. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಗದ್ದೆಯ ಬದುವಿನ ಮೇಲಂತೂ ಎಂದಿಗೂ ಹೋಗಬೇಡಿ, ಒಬ್ಬರ ಒಂದು ಬೆಳೆಯ ನೀರು ಅದರಿಂದ ನಿಂತಿರುತ್ತದೆ.

ಪ್ರಶ್ನೆ: ಹಳೆಯ ಗಾಡಿ ನೋಡಿದ್ದೇನೆ, ಕರ್ನಾಟಕ ನೋಂದಣಿಯದು, ನಾಲ್ಕು ವರ್ಷ ಹಳೆಯದು. ಮಾರುವವರು "ಹೆಚ್ಚು ಓಡಿಲ್ಲ" ಎನ್ನುತ್ತಾರೆ. ಏನೇನು ನೋಡಬೇಕು?
– ಎಂ. ಎಚ್., ಪಿಂಪ್ರಿ

ಉತ್ತರ: ಮೀಟರ್ ನೋಡುವ ಮೊದಲು ಏರ್ ಫಿಲ್ಟರ್ ಬಿಚ್ಚಿಸಿ. ಫಿಲ್ಟರಿನ ಹೊರಬದಿಗೆ ದೂಳಿದ್ದರೆ ಚಿಂತೆಯಿಲ್ಲ, ಅದರ ಕೆಲಸವೇ ಅದು. ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆ ಕೆಂಪಾಗಿ ಬಂದರೆ ಎಂಜಿನ್ ಮಣ್ಣು ತಿಂದಿದೆ ಎಂದರ್ಥ. ಪಿಸ್ಟನ್ ರಿಂಗು, ಬೋರು ಎರಡೂ ಸವೆದಿರುತ್ತವೆ. ಅಂಥ ಗಾಡಿ ಎಷ್ಟು ಹೊಳೆಯುತ್ತಿದ್ದರೂ ಬಿಟ್ಟು ಬನ್ನಿ.

ಆಮೇಲೆ ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ, ಹ್ಯಾಂಡಲ್ಲನ್ನು ಎರಡು ಬೆರಳಿನಿಂದ ನಿಧಾನ ತಿರುಗಿಸಿ. ನಟ್ಟನಡುವೆ ಬಂದಾಗ ಸಣ್ಣಗೆ ಕಟ್ ಎಂದು ಸಿಕ್ಕಿಕೊಂಡರೆ ಸ್ಟಿಯರಿಂಗ್ ಬೇರಿಂಗು ಹೋಗಿದೆ. ಸಣ್ಣ ಪಾನಾದಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ದನಿ ಕೊಡಬೇಕು, ಮಂಕಾಗಿ ನುಡಿದದ್ದು ಸಡಿಲ. ಹಿಂದಿನ ಚಕ್ರ ಹಿಡಿದು ಎಡಬಲಕ್ಕೆ ಅಲುಗಿಸಿ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಆಡುತ್ತದೆಯೇ ನೋಡಿ. ಬ್ಯಾಷ್ ಪ್ಲೇಟಿನ ಮೇಲಿನ ಗೀರುಗಳಿಗೆ ಹೆದರಬೇಡಿ. ಅದನ್ನು ತೆಗೆಸಿ ಒಳಗೆ ಎಂಜಿನ್ ಕವಚ ಒಡೆದು ಅಂಟು ಹಚ್ಚಿದ್ದಾರೆಯೇ, ಫ್ರೇಮಿನ ಬೆಸುಗೆಯ ಹತ್ತಿರ ಹೊಸ ಬಣ್ಣವಿದೆಯೇ ನೋಡಿ. ಯಾರಾದರೂ 2011ರ ಹೀರೋ ಇಂಪಲ್ಸ್ 150 ತೋರಿಸಿದರೆ, ಬಹಳ ಒಳ್ಳೆಯ ಗಾಡಿ, ಆದರೆ ಬಿಡಿಭಾಗ ಹುಡುಕುವ ತಾಳ್ಮೆ ಇದ್ದವರಿಗೆ ಮಾತ್ರ.

ಕಾಗದಪತ್ರ: ಸಾಲ ಕೊಟ್ಟವರ ಹೆಸರು ಆರ್‌ಸಿಯಿಂದ ತೆಗೆಸಿರಬೇಕು, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು. ಬೇರೆ ರಾಜ್ಯದ ಗಾಡಿಯನ್ನು ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಆಗಲೇಬೇಕು, ಇಲ್ಲಿನ ರಸ್ತೆ ತೆರಿಗೆಯೂ ಕಟ್ಟಬೇಕು. ಆ ಖರ್ಚನ್ನು ಬೆಲೆಯಲ್ಲಿ ಮೊದಲೇ ಮುರಿದು ಮಾತಾಡಿ, ಮುಂಗಡ ಕೊಡುವುದು ಎನ್‌ಒಸಿ ಕೈಗೆ ಬಂದ ಮೇಲೆ.