ಆಪ್ ನಿಲ್ಲಿಸದೆ ದೊಡ್ಡ ಟೇಬಲ್‌ನ ರಚನೆ ಬದಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಪೋಸ್ಟ್‌ಗ್ರೆಸ್ 14 ಎಂಬ ಡೇಟಾಬೇಸ್‌ನಲ್ಲಿ ಆರ್ಡರ್ಸ್ ಅನ್ನೋ ಟೇಬಲ್ ಇದೆ, ನಾಲ್ಕು ಕೋಟಿ ಸಾಲುಗಳಿವೆ. ಅದರಲ್ಲಿ ನಾಲ್ಕು ಬದಲಾವಣೆ ಆಗಬೇಕು. ಆರ್ಡರ್ ಆಪ್‌ನಿಂದ ಬಂತಾ, ಫೋನ್‌ನಿಂದ ಬಂತಾ ಎಂದು ಹೇಳುವ ಹೊಸ ಕಾಲಮ್ ಬೇಕು, ಅದು ಖಾಲಿ ಇರಬಾರದು. ಗ್ರಾಹಕರ ಹೆಸರಿನ ಕಾಲಮ್ ವಾರ್‌ಚಾರ್ 30 ಇದೆ, ಅಂದರೆ 30 ಅಕ್ಷರ ಸಂಕೇತಗಳ ಮಿತಿ, ಕನ್ನಡದಲ್ಲಿ ಬರೆದ ಹೆಸರುಗಳು ಹಿಡಿಸುತ್ತಿಲ್ಲ. ಐಡಿ ಇಂಟಿಜರ್ ಇದೆ (ಸುಮಾರು 214 ಕೋಟಿಯೇ ಅದರ ಮಿತಿ), ಈಗಾಗಲೇ 170 ಕೋಟಿ ದಾಟಿದೆ, ಅದು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಿಗ್‌ಇಂಟ್ ಆಗಬೇಕು. ಅಮೌಂಟ್ ಅನ್ನೋ ಕಾಲಮ್‌ಗೆ ಟೋಟಲ್ ಎಂದು ಹೆಸರಿಡಬೇಕು. ಟೆಸ್ಟ್ ಮಷೀನ್‌ನಲ್ಲಿ ನಾಲ್ಕೂ ಆಲ್ಟರ್‌ಗಳು (ಟೇಬಲ್‌ನ ರಚನೆ ಬದಲಿಸುವ ಆಜ್ಞೆಗಳು) ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು, ಗ್ರಾಹಕರು ಬಳಸುವ ಪ್ರೊಡಕ್ಷನ್‌ನಲ್ಲೂ ರಾತ್ರಿ ಹೊತ್ತು ಹಾಗೇ ಓಡಿಸಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಹಾಗೆ ಓಡಿಸಬೇಡಿ. ನಾಲ್ಕೂ 'ಆಲ್ಟರ್ ಟೇಬಲ್' ಎಂದೇ ಶುರುವಾಗುತ್ತವೆ, ಆದರೆ ಒಳಗೆ ನಡೆಯುವ ಕೆಲಸ ಬೇರೆ ಬೇರೆ. ಒಂದು ಆಲ್ಟರ್ ಬರೀ ಕ್ಯಾಟಲಾಗ್‌ನಲ್ಲಿ (ಟೇಬಲ್‌ಗಳ ವಿವರ ಬರೆದಿಡುವ ಡೇಟಾಬೇಸ್‌ನ ಸ್ವಂತ ಪಟ್ಟಿ) ಒಂದು ನಮೂದು ಬದಲಿಸಿ ಮುಗಿಸುತ್ತದೆ. ಇನ್ನೊಂದು ಎಲ್ಲ ಸಾಲುಗಳನ್ನೂ ಓದಿ ನೋಡುತ್ತದೆ. ಮತ್ತೊಂದು ಇಡೀ ಟೇಬಲ್ಲನ್ನೇ ಡಿಸ್ಕ್ ಮೇಲೆ ಹೊಸದಾಗಿ ಬರೆದು, ಎಲ್ಲ ಇಂಡೆಕ್ಸ್‌ಗಳನ್ನೂ (ಬೇಗ ಹುಡುಕಲು ಇರುವ ಸೂಚಿಗಳು) ಮತ್ತೆ ಕಟ್ಟುತ್ತದೆ. ಟೆಸ್ಟ್ ಮಷೀನ್‌ನಲ್ಲಿ ಕೆಲವೇ ಸಾವಿರ ಸಾಲು ಇದ್ದರೆ ಈ ಮೂರರ ವ್ಯತ್ಯಾಸ ಕಾಣುವುದೇ ಇಲ್ಲ. ಅದಕ್ಕೇ ಪ್ರತಿ ಆಲ್ಟರ್‌ಗೆ ಮುಂಚೆ ಎರಡು ವಿಷಯ ತಿಳಿದಿರಬೇಕು: ಇದು ಯಾವ ಲಾಕ್ (ಬೇರೆ ಕೆಲಸಗಳನ್ನು ತಡೆಯುವ ಬೀಗ) ಹಿಡಿಯುತ್ತದೆ, ಆ ಲಾಕ್ ಹಿಡಿದುಕೊಂಡು ಎಷ್ಟು ಕೆಲಸ ಮಾಡುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಟೇಬಲ್‌ನ ಬಹುಪಾಲು ರೂಪಗಳು 'ಆಕ್ಸೆಸ್ ಎಕ್ಸ್‌ಕ್ಲೂಸಿವ್' ಲಾಕ್ ಕೇಳುತ್ತವೆ. ಇದು ಎಲ್ಲಕ್ಕಿಂತ ಬಿಗಿಯಾದ ಲಾಕ್. ಇದು ಇರುವಷ್ಟು ಹೊತ್ತು ಆ ಟೇಬಲ್ ಮೇಲೆ ಒಂದು ಸೆಲೆಕ್ಟ್ (ಓದುವ ಆಜ್ಞೆ) ಕೂಡ ನಡೆಯುವುದಿಲ್ಲ. ಕೆಲಸ ಕೆಲವು ಮಿಲಿಸೆಕೆಂಡ್‌ನದ್ದಾದರೆ ಯಾರಿಗೂ ಗೊತ್ತಾಗದು. ನಿಜವಾದ ಅಪಾಯ ಲಾಕ್ ಸಿಗುವ ಮುಂಚೆಯೇ ಇರುತ್ತದೆ. ಯಾರೋ ಒಬ್ಬರು ಅದೇ ಟೇಬಲ್ ಮೇಲೆ ದೊಡ್ಡ ರಿಪೋರ್ಟ್ ಓಡಿಸುತ್ತಿದ್ದಾರೆ ಎಂದುಕೊಳ್ಳಿ. ಅದು ಮುಗಿಯುವ ತನಕ ನಿಮ್ಮ ಆಲ್ಟರ್ ಕಾಯಬೇಕು. ಅದು ಕಾಯುತ್ತಿರುವಾಗ ಬಂದ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಎಲ್ಲವೂ ಅದರ ಹಿಂದೆ ಕ್ಯೂ ನಿಲ್ಲುತ್ತವೆ. ರಿಪೋರ್ಟ್‌ಗೂ ಆ ಸೆಲೆಕ್ಟ್‌ಗಳಿಗೂ ಜಗಳವೇ ಇಲ್ಲ, ಆದರೂ ನಡುವೆ ಆಲ್ಟರ್ ನಿಂತಿರುವುದರಿಂದ ದಾರಿ ಬಂದ್. ಒಂದೆರಡು ನಿಮಿಷದಲ್ಲಿ ಕನೆಕ್ಷನ್ ಪೂಲ್ (ಆಪ್ ಬಳಸುವ ಡೇಟಾಬೇಸ್ ಸಂಪರ್ಕಗಳ ಗುಂಪು) ತುಂಬಿ ಇಡೀ ಆಪ್ ನಿಂತುಹೋಗುತ್ತದೆ. ಆಲ್ಟರ್ ಇನ್ನೂ ಶುರುವೇ ಆಗಿರುವುದಿಲ್ಲ! ರಾತ್ರಿ ಮಾಡಿದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಬ್ಯಾಕಪ್, ರಿಪೋರ್ಟ್‌ಗಳು ಓಡುವುದೇ ರಾತ್ರಿ. ನಡೆಯುತ್ತಿರುವ ಪಿಜಿ ಡಂಪ್ (ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಟೂಲ್) ಕೂಡ ಆಲ್ಟರ್‌ಗೆ ಅಡ್ಡ ನಿಲ್ಲುತ್ತದೆ.

ಇದಕ್ಕೆ ಮದ್ದು ಒಂದೇ ಸಾಲಿನದು. ಆಲ್ಟರ್‌ಗೆ ಮುಂಚೆ ಅದೇ ಸೆಷನ್‌ನಲ್ಲಿ ಲಾಕ್ ಟೈಮೌಟ್ ಅನ್ನು ಎರಡು ಸೆಕೆಂಡ್‌ಗೆ ಇಡಿ. ಅಷ್ಟರಲ್ಲಿ ಲಾಕ್ ಸಿಗದಿದ್ದರೆ ಆಲ್ಟರ್ ತಾನೇ ಬಿಟ್ಟುಕೊಟ್ಟು ಹೊರಗೆ ಬರುತ್ತದೆ, ಹಿಂದೆ ನಿಂತವರು ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಇದನ್ನು ಒಂದು ಚಿಕ್ಕ ಲೂಪ್‌ನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಪದೇ ಪದೇ ಸಿಗದಿದ್ದರೆ ಈಗಿರುವ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ ಸ್ಟಾಟ್ ಆಕ್ಟಿವಿಟಿ ನೋಡಿ. ಬಹಳ ಸಲ ಅಲ್ಲಿ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ, ಟ್ರಾನ್ಸಾಕ್ಷನ್ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಆಜ್ಞೆಗಳ ಗುಂಪು) ಮುಗಿಸದೆ, ಗಂಟೆಗಟ್ಟಲೆ ಕೂತಿರುವ ಒಂದು ಕನೆಕ್ಷನ್ ಕಾಣುತ್ತದೆ. ಈ ಉತ್ತರದಿಂದ ನೀವು ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುವುದಾದರೆ ಈ ಲಾಕ್ ಟೈಮೌಟ್ ಅನ್ನೇ ತೆಗೆದುಕೊಂಡು ಹೋಗಿ.

ಈಗ ಒಂದೊಂದಾಗಿ ನೋಡೋಣ.

ಹೆಸರಿನ ಕಾಲಮ್ ಸುಲಭ. 2012ರಲ್ಲಿ ಬಂದ 9.2ರಿಂದ ಈಚೆಗೆ ವಾರ್‌ಚಾರ್‌ನ ಅಳತೆ ಹೆಚ್ಚಿಸಿದರೆ, ಅಥವಾ ಅದನ್ನು ಅಳತೆಯ ಮಿತಿ ಬರೆಯದ ಟೆಕ್ಸ್ಟ್ ಮಾಡಿದರೆ, ಟೇಬಲ್ ಮತ್ತೆ ಬರೆಯಬೇಕಾಗಿಲ್ಲ. ಲಾಕ್ ಬೇಕು, ಕ್ಷಣದಲ್ಲಿ ಮುಗಿಯುತ್ತದೆ. ಆ ಕಾಲಮ್ ಬಳಸುವ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಏನಾದರೂ ಇದ್ದರೆ ಮಾತ್ರ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ವ್ಯೂ ತೆಗೆದು, ಕಾಲಮ್ ಬದಲಿಸಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ ವ್ಯೂ ಮತ್ತೆ ಮಾಡಿ. ಎಷ್ಟು ಅಳತೆ ಇಡಬೇಕು ಅನ್ನುವುದು ಕನ್ನಡದವರು ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ. 'ಲಕ್ಷ್ಮಿ' ಎಂದು ಬರೆದರೆ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಡೇಟಾಬೇಸ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಲ, ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ಇಕಾರದ ಗುಡಿಸು. ಒಟ್ಟು ಏಳು. ಯುಟಿಎಫ್ 8ರಲ್ಲಿ ಒಂದೊಂದೂ ಮೂರು ಬೈಟ್, ಅಂದರೆ 21 ಬೈಟ್. ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಬರೆಯುವವರಿಗೆ 30 ಎಲ್ಲಿ ಸಾಲಬೇಕು? ನಾನಾದರೆ ಟೆಕ್ಸ್ಟ್ ಮಾಡುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ವೇಗ ಕಡಿಮೆ ಆಗುವುದಿಲ್ಲ. ಮಿತಿ ಬೇಕೇ ಬೇಕೆಂದರೆ ಒಂದು ಚೆಕ್ (ಪ್ರತಿ ಸಾಲೂ ಪಾಲಿಸಬೇಕಾದ ನಿಯಮ) ಹಾಕಿ, ನಾಳೆ ಬದಲಿಸುವುದೂ ಸುಲಭ.

ಹೊಸ ಕಾಲಮ್‌ನ ವಿಷಯಕ್ಕೆ ಬರೋಣ. ಹಳೆಯ ಪುಸ್ತಕಗಳಲ್ಲಿ 'ಡಿಫಾಲ್ಟ್ (ಏನೂ ಕೊಡದಿದ್ದಾಗ ತಾನೇ ತುಂಬುವ ಬೆಲೆ) ಜೊತೆ ಕಾಲಮ್ ಸೇರಿಸಬೇಡಿ, ಇಡೀ ಟೇಬಲ್ ಮತ್ತೆ ಬರೆಯುತ್ತದೆ' ಎಂದು ಓದಿರಬಹುದು. ಅದು 2018ರಲ್ಲಿ ಪೋಸ್ಟ್‌ಗ್ರೆಸ್ 11 ಬರುವ ತನಕ ನಿಜ. ಈಗ ಡಿಫಾಲ್ಟ್ ಒಂದು ಸ್ಥಿರ ಮೌಲ್ಯವಾಗಿದ್ದರೆ ಅದನ್ನು ಕ್ಯಾಟಲಾಗ್‌ನಲ್ಲಿ ಒಂದೇ ಕಡೆ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಸಾಲು ಓದುವಾಗ ಅಲ್ಲಿಂದ ತೆಗೆದುಕೊಡುತ್ತದೆ. ನಾಟ್ ನಲ್ (ಖಾಲಿ ಇರಬಾರದು ಎಂಬ ನಿಯಮ) ಜೊತೆಗೇ ಸೇರಿಸಿದರೂ ಕ್ಷಣದ ಕೆಲಸ. ಆದರೆ ಪ್ರತಿ ಸಾಲಿಗೂ ಬೇರೆ ಬೇರೆ ಬೆಲೆ ಬರಬೇಕಾದ ಡಿಫಾಲ್ಟ್, ಉದಾಹರಣೆಗೆ ರ್‍ಯಾಂಡಮ್ ಯುಯುಐಡಿ ಎಂಬ ಉದ್ದ ಗುರುತು ಸಂಖ್ಯೆ, ಕೊಟ್ಟರೆ ಈಗಲೂ ಇಡೀ ಟೇಬಲ್ ಬರೆಯಲೇಬೇಕು.

ನಿಮ್ಮ ಸಂಗತಿ ಇದಕ್ಕಿಂತ ಸ್ವಲ್ಪ ಬೇರೆ. ಹಳೆಯ ಆರ್ಡರ್ ಎಲ್ಲಿಂದ ಬಂತು ಎಂಬುದನ್ನು ಲಾಗ್ ಟೇಬಲ್ ನೋಡಿ ತುಂಬಬೇಕು ಅಂದಿದ್ದೀರಿ. ಹಾಗಾದರೆ ಎಲ್ಲಕ್ಕೂ 'ಆಪ್' ಅಂತ ಡಿಫಾಲ್ಟ್ ಕೊಡಬೇಡಿ. ತುಂಬಿದ್ದು ಯಾವುದು, ತುಂಬದ್ದು ಯಾವುದು ಎಂದು ಆಮೇಲೆ ಗೊತ್ತಾಗುವುದಿಲ್ಲ. ಕಾಲಮ್ ಅನ್ನು ಖಾಲಿಯಾಗಿಯೇ ಸೇರಿಸಿ. ನಂತರ ಹೊಸ ಆರ್ಡರ್‌ಗಳಲ್ಲಿ ಅದನ್ನು ಬರೆಯುವ ಕೋಡ್ ಹೊರಬಿಡಿ. ಆಮೇಲೆ ಹಳೆಯವನ್ನು ಐಡಿ ಪ್ರಕಾರ ಐದು ಸಾವಿರ, ಹತ್ತು ಸಾವಿರ ಸಾಲುಗಳ ತುಂಡು ಮಾಡಿ ತುಂಬುತ್ತಾ ಹೋಗಿ. ಪ್ರತಿ ತುಂಡಿಗೂ ಒಂದು ಕಮಿಟ್ (ಬದಲಾವಣೆ ಖಾಯಂ ಮಾಡುವುದು), ನಡುವೆ ಚೂರು ಬಿಡುವು.

ಒಂದೇ ಅಪ್‌ಡೇಟ್‌ನಲ್ಲಿ ನಾಲ್ಕು ಕೋಟಿ ತುಂಬಿದರೆ ಏನು ತೊಂದರೆ ಅಂತ ಕೇಳಬಹುದು. ಪೋಸ್ಟ್‌ಗ್ರೆಸ್ ಸಾಲನ್ನು ಇದ್ದ ಜಾಗದಲ್ಲೇ ತಿದ್ದುವುದಿಲ್ಲ. ಹಳೆಯದನ್ನು ಬಿಟ್ಟು ಹೊಸ ಪ್ರತಿ ಬರೆಯುತ್ತದೆ. ನಾಲ್ಕು ಕೋಟಿ ಹೊಸ ಪ್ರತಿ ಅಂದರೆ ಟೇಬಲ್ ಸುಮಾರು ಎರಡರಷ್ಟು ಊದಿಕೊಳ್ಳುತ್ತದೆ. ಮುಗಿಯುವ ತನಕ ಅಷ್ಟೂ ಸಾಲುಗಳ ಲಾಕ್ ಅದರ ಕೈಯಲ್ಲಿರುತ್ತದೆ. ಸತ್ತ ಪ್ರತಿಗಳನ್ನು ವ್ಯಾಕ್ಯೂಮ್‌ಗೆ (ಪೋಸ್ಟ್‌ಗ್ರೆಸ್‌ನ ಜಾಗ ತೆರವು ಮಾಡುವ ಕೆಲಸ) ತೆಗೆಯಲು ಆಗುವುದಿಲ್ಲ. ರೆಪ್ಲಿಕಾ (ಡೇಟಾಬೇಸ್‌ನ ನಕಲು ಸರ್ವರ್) ಇದ್ದರೆ ಅದು ಹಿಂದೆ ಬೀಳುತ್ತದೆ. ತುಂಡು ತುಂಡಾಗಿ ಮಾಡಿದರೆ ಆಟೋವ್ಯಾಕ್ಯೂಮ್ ಹಿಂದೆಯೇ ಬಂದು ಜಾಗ ಖಾಲಿ ಮಾಡುತ್ತದೆ, ಮುಂದಿನ ತುಂಡು ಅದನ್ನೇ ಬಳಸಿಕೊಳ್ಳುತ್ತದೆ.

ಎಲ್ಲ ತುಂಬಿದ ಮೇಲೆ ನಾಟ್ ನಲ್. ನೇರವಾಗಿ 'ಸೆಟ್ ನಾಟ್ ನಲ್' ಎಂದರೆ ಬಿಗಿ ಲಾಕ್ ಹಿಡಿದುಕೊಂಡೇ ನಾಲ್ಕು ಕೋಟಿ ಸಾಲನ್ನೂ ನೋಡುತ್ತದೆ. ಅದರ ಬದಲು ಮೊದಲು 'ಈ ಕಾಲಮ್ ಈಸ್ ನಾಟ್ ನಲ್' ಎಂಬ ಚೆಕ್ ಅನ್ನು 'ನಾಟ್ ವ್ಯಾಲಿಡ್' ಸೇರಿಸಿ ಹಾಕಿ. ಇದು ಹೊಸ ಸಾಲುಗಳಿಗೆ ತಕ್ಷಣ ಅನ್ವಯಿಸುತ್ತದೆ, ಹಳೆಯವನ್ನು ನೋಡುವುದಿಲ್ಲ. ಆಮೇಲೆ ಬೇರೆ ಟ್ರಾನ್ಸಾಕ್ಷನ್‌ನಲ್ಲಿ 'ವ್ಯಾಲಿಡೇಟ್ ಕನ್‌ಸ್ಟ್ರೇಂಟ್' ಓಡಿಸಿ. ಅದು ಎಲ್ಲವನ್ನೂ ಓದುತ್ತದೆ, ಆದರೆ ಹಗುರವಾದ ಲಾಕ್‌ನಲ್ಲಿ, ಓದು ಬರಹ ನಡೆಯುತ್ತಲೇ ಇರುತ್ತದೆ. ಕೊನೆಗೆ ಸೆಟ್ ನಾಟ್ ನಲ್ ಮಾಡಿ. 12ರಿಂದ ಈಚಿನ ಪೋಸ್ಟ್‌ಗ್ರೆಸ್ ಆ ಚೆಕ್ ಇರುವುದನ್ನು ನೋಡಿ ಮತ್ತೆ ಓದುವ ಗೋಜಿಗೆ ಹೋಗುವುದಿಲ್ಲ. ಚೆಕ್ ತೆಗೆದುಬಿಡಿ. ಬೇರೆ ಟೇಬಲ್‌ನ ಸಾಲಿಗೆ ಕೊಂಡಿ ಹಾಕುವ ಫಾರಿನ್ ಕೀಗೂ ಇದೇ ದಾರಿ.

ಬಿಗ್‌ಇಂಟ್ ನಿಜವಾದ ಕಷ್ಟದ ಕೆಲಸ. ಇಂಟಿಜರ್ ನಾಲ್ಕು ಬೈಟ್, ಬಿಗ್‌ಇಂಟ್ ಎಂಟು ಬೈಟ್. ನೇರ ಆಲ್ಟರ್ ಮಾಡಿದರೆ ಪ್ರತಿ ಸಾಲನ್ನೂ ಹೊಸದಾಗಿ ಬರೆಯಲೇಬೇಕು, ಬಿಗಿ ಲಾಕ್ ಪೂರ್ತಿ ಹೊತ್ತು ಇರುತ್ತದೆ, ಡಿಸ್ಕ್‌ನಲ್ಲಿ ಹೊಸ ಪ್ರತಿಗೂ ಜಾಗ ಇರಬೇಕು. ಇದನ್ನು ಪಕ್ಕದಲ್ಲಿ ಕಟ್ಟಿ ಕೊನೆಗೆ ಅದಲು ಬದಲು ಮಾಡಬೇಕು.

ಬಿಗ್‌ಇಂಟ್ ಆಗಿರುವ ಹೊಸ ಐಡಿ ಕಾಲಮ್ ಒಂದನ್ನು ಖಾಲಿಯಾಗಿ ಸೇರಿಸಿ. ಇನ್ಸರ್ಟ್ ಮತ್ತು ಅಪ್‌ಡೇಟ್‌ಗೆ ಮುಂಚೆ ತಾನಾಗಿ ಓಡುವ ಚಿಕ್ಕ ಕೋಡ್, ಅಂದರೆ ಟ್ರಿಗರ್, ಹಾಕಿ, ಅದು ಹಳೆಯ ಐಡಿಯನ್ನು ಹೊಸದಕ್ಕೆ ನಕಲು ಮಾಡುತ್ತದೆ. ಹಳೆಯ ಸಾಲುಗಳನ್ನು ಮೇಲೆ ಹೇಳಿದ ಹಾಗೆ ತುಂಡು ತುಂಡಾಗಿ ತುಂಬಿ. ಅದರ ಮೇಲೆ, ಬರಹ ತಡೆಯದೆ ಇಂಡೆಕ್ಸ್ ಕಟ್ಟುವ 'ಕ್ರಿಯೇಟ್ ಯೂನಿಕ್ ಇಂಡೆಕ್ಸ್ ಕನ್‌ಕರೆಂಟ್ಲಿ' ಓಡಿಸಿ. ಇದು ಟ್ರಾನ್ಸಾಕ್ಷನ್ ಒಳಗೆ ನಡೆಯುವುದಿಲ್ಲ, ಆದ್ದರಿಂದ ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮೈಗ್ರೇಷನ್ ಬಳಸುತ್ತಿದ್ದರೆ ಅಟಾಮಿಕ್ ಅನ್ನು ಫಾಲ್ಸ್ ಮಾಡಬೇಕು. ನಡುವೆ ಕೆಟ್ಟರೆ 'ಇನ್‌ವ್ಯಾಲಿಡ್' ಇಂಡೆಕ್ಸ್ ಒಂದು ಉಳಿದುಬಿಡುತ್ತದೆ, ಅದನ್ನು ತೆಗೆದು ಮತ್ತೆ ಮಾಡಿ. ಹೊಸ ಐಡಿಗೆ ಚೆಕ್ ಮೂಲಕ ನಾಟ್ ನಲ್ ಮುಗಿಸಿಡಿ. ಇದನ್ನು ಮುಂಚೆ ಮಾಡದಿದ್ದರೆ ಪ್ರೈಮರಿ ಕೀ (ಸಾಲಿನ ಮುಖ್ಯ ಗುರುತು) ಮಾಡುವಾಗ ಪೋಸ್ಟ್‌ಗ್ರೆಸ್ ತಾನೇ ಇಡೀ ಟೇಬಲ್ ಓದಲು ಹೊರಡುತ್ತದೆ. ಆಮೇಲೆ ಒಂದೇ ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಟ್ರಿಗರ್ ತೆಗೆದು, ಹಳೆಯ ಪ್ರೈಮರಿ ಕೀ ತೆಗೆದು, ಕಾಲಮ್‌ಗಳ ಹೆಸರು ಅದಲು ಬದಲು ಮಾಡಿ, ಹಳೆಯ ಕಾಲಮ್‌ನ ನಾಟ್ ನಲ್ ಮತ್ತು ಡಿಫಾಲ್ಟ್ ತೆಗೆದು, 'ಯೂಸಿಂಗ್ ಇಂಡೆಕ್ಸ್' ಹೇಳಿ ಹೊಸ ಪ್ರೈಮರಿ ಕೀ ಹಾಕಿ.

ಇಲ್ಲಿ ಎರಡು ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು, ಸೀಕ್ವೆನ್ಸ್, ಅಂದರೆ ಮುಂದಿನ ಐಡಿ ಸಂಖ್ಯೆ ಕೊಡುವ ಎಣಿಕೆ. ಪೋಸ್ಟ್‌ಗ್ರೆಸ್ 10ರಿಂದ ಸೀರಿಯಲ್ ಕಾಲಮ್‌ನ ಸೀಕ್ವೆನ್ಸ್ ಕೂಡ ಇಂಟಿಜರ್ ಬಗೆಯದೇ. ಕಾಲಮ್ ಬಿಗ್‌ಇಂಟ್ ಆದರೂ ಸೀಕ್ವೆನ್ಸ್ 2,14,74,83,647ಕ್ಕೆ ನಿಂತುಹೋಗುತ್ತದೆ. 'ಆಲ್ಟರ್ ಸೀಕ್ವೆನ್ಸ್ ಆಸ್ ಬಿಗ್‌ಇಂಟ್' ಮಾಡಿ, ಡಿಫಾಲ್ಟ್ ಅನ್ನೂ 'ಓನ್ಡ್ ಬೈ' ಅನ್ನೂ ಹೊಸ ಕಾಲಮ್‌ಗೆ ಕೊಡಿ. ಎರಡು, ಆರ್ಡರ್ ಐಡಿಯನ್ನು ಇಟ್ಟುಕೊಂಡಿರುವ ಉಳಿದ ಟೇಬಲ್‌ಗಳು. ಪೇಮೆಂಟ್ಸ್, ಐಟಮ್ಸ್ ಟೇಬಲ್‌ಗಳಲ್ಲಿ ಆ ಕಾಲಮ್ ಇಂಟಿಜರ್ ಆಗಿಯೇ ಉಳಿದರೆ ಅಲ್ಲಿ ಒಡೆಯುತ್ತದೆ. ಅವುಗಳನ್ನು ಮೊದಲು ಮುಗಿಸಿ. ಫಾರಿನ್ ಕೀಗಳು ಹಳೆಯ ಪ್ರೈಮರಿ ಕೀಗೆ ಕಟ್ಟಿಕೊಂಡಿರುವುದರಿಂದ ಅವನ್ನು ತೆಗೆದು, ನಾಟ್ ವ್ಯಾಲಿಡ್ ಆಗಿ ಮತ್ತೆ ಹಾಕಿ, ಆಮೇಲೆ ವ್ಯಾಲಿಡೇಟ್ ಮಾಡಬೇಕು.

ಅಮೌಂಟ್ ಕಾಲಮ್‌ನ ಹೆಸರು ಬದಲಾವಣೆ ಬಗ್ಗೆ ನನ್ನ ಅಭಿಪ್ರಾಯ: ಬಿಟ್ಟುಬಿಡಿ. ಡೇಟಾಬೇಸ್‌ಗೆ ಅದು ಕ್ಷಣದ ಕೆಲಸ. ಆದರೆ ಆ ಕ್ಷಣದಲ್ಲಿ ಓಡುತ್ತಿರುವ ಹಳೆಯ ಕೋಡ್ ಅಮೌಂಟ್ ಅನ್ನೇ ಹುಡುಕುತ್ತದೆ. ಸರ್ವರ್‌ಗಳೆಲ್ಲ ಒಂದೇ ಕ್ಷಣಕ್ಕೆ ಹೊಸ ಕೋಡ್‌ಗೆ ಹೋಗುವುದಿಲ್ಲ ಅಲ್ವಾ? ಯಾವ ಬದಲಾವಣೆಯಲ್ಲೂ ಹಳೆಯ ಕೋಡ್, ಹೊಸ ಕೋಡ್ ಎರಡೂ ಅದೇ ಟೇಬಲ್ ಮೇಲೆ ಸ್ವಲ್ಪ ಹೊತ್ತು ಒಟ್ಟಿಗೆ ಬದುಕಬೇಕು. ಸೇರಿಸುವುದು ಮೊದಲು, ತೆಗೆಯುವುದು ಕೊನೆಗೆ ಅನ್ನುವ ಕ್ರಮ ಅದಕ್ಕೇ. ಹೆಸರು ಬದಲಿಸಿದರೆ ಸೇರಿಸುವುದೂ ತೆಗೆಯುವುದೂ ಒಂದೇ ಏಟಿಗೆ ಆಗುತ್ತವೆ. ನಿಮ್ಮ ಕೋಡ್‌ನಲ್ಲಿ ಟೋಟಲ್ ಎಂದು ಕರೆದು, ಒಆರ್‌ಎಮ್‌ನಲ್ಲಿ (ಕೋಡನ್ನು ಟೇಬಲ್‌ಗೆ ಹೊಂದಿಸುವ ಲೈಬ್ರರಿ) ಅಮೌಂಟ್‌ಗೆ ಜೋಡಿಸಿದರೆ ಸಾಕು. ಓದುವವರ ದಾರಿ ತಪ್ಪಿಸುವಂಥ ಹೆಸರಾಗಿದ್ದರೆ ಮಾತ್ರ ಹೊಸ ಕಾಲಮ್ ಸೇರಿಸಿ, ಎರಡಕ್ಕೂ ಬರೆದು, ನಿಧಾನವಾಗಿ ಹಳೆಯದನ್ನು ಬಿಡುವ ಶ್ರಮ ತೆಗೆದುಕೊಳ್ಳಿ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಮಾಡುವವರಿಗೆ ಎರಡು ಮಾತು. ಅಲ್ಲಿ ಆಲ್ಟರ್ ಮಾಡಿದ ಕೂಡಲೇ ಕಮಿಟ್ ಆಗುತ್ತದೆ, ರೋಲ್‌ಬ್ಯಾಕ್ (ರದ್ದು ಮಾಡಿ ಹಿಂದಕ್ಕೆ ಹೋಗುವುದು) ಇಲ್ಲ. ಆಲ್ಟರ್ ಜೊತೆ 'ಆಲ್ಗರಿದಮ್ ಇನ್‌ಸ್ಟಂಟ್' ಎಂದು ಸ್ಪಷ್ಟವಾಗಿ ಬರೆಯಿರಿ. ಆಗದ ಕೆಲಸವಾದರೆ ಟೇಬಲ್ ನಕಲು ಮಾಡಲು ಹೋಗದೆ ಎರರ್ ಕೊಟ್ಟು ನಿಲ್ಲುತ್ತದೆ. ಆಲ್ಟರ್‌ಗೆ ಅನ್ವಯಿಸುವ ಲಾಕ್ ವೇಟ್ ಟೈಮೌಟ್‌ನ ಡಿಫಾಲ್ಟ್ ಅಲ್ಲಿ ಒಂದು ವರ್ಷ, ಅದನ್ನು ಇಳಿಸಲೇಬೇಕು. ಇನ್‌ಸ್ಟಂಟ್ ಆಗದ ದೊಡ್ಡ ಕೆಲಸಕ್ಕೆ ಗಿಟ್‌ಹಬ್‌ನವರ ಘೋಸ್ಟ್, ಪರ್ಕೋನಾದವರ ಆನ್‌ಲೈನ್ ಸ್ಕೀಮಾ ಚೇಂಜ್ ಎಂಬ ಟೂಲ್‌ಗಳಿವೆ. ಎರಡೂ ಪಕ್ಕದಲ್ಲಿ ಹೊಸ ಟೇಬಲ್ ಕಟ್ಟಿ ಕೊನೆಗೆ ಬದಲಿಸುತ್ತವೆ.

ನಿಮ್ಮಲ್ಲಿ ಕ್ರಮ ಹೀಗಿರಲಿ: ಹೆಸರಿನ ಕಾಲಮ್ ಈ ವಾರವೇ ಮುಗಿಸಿ. ಆಮೇಲೆ ಬಿಗ್‌ಇಂಟ್. ಹೊಸ ಕಾಲಮ್ ಅದರ ನಂತರ ಬಂದರೂ ನಡೆಯುತ್ತದೆ. ನಾಲ್ಕು ಕೋಟಿ ಸಾಲಿಗೆ ಐಡಿ 170 ಕೋಟಿ ಹೇಗಾಯಿತು ಎಂದು ಆಶ್ಚರ್ಯಪಟ್ಟಿದ್ದೀರಿ. ಇನ್ಸರ್ಟ್ ವಿಫಲವಾದರೂ, ರೋಲ್‌ಬ್ಯಾಕ್ ಆದರೂ, 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' ಎಂದು ಬಿಟ್ಟರೂ ಸೀಕ್ವೆನ್ಸ್ ಒಂದು ಸಂಖ್ಯೆ ಕಳೆದುಕೊಳ್ಳುತ್ತದೆ. ಅಳಿಸಿದ ಸಾಲುಗಳ ಸಂಖ್ಯೆಯೂ ವಾಪಸ್ ಬರುವುದಿಲ್ಲ. ಉಳಿದಿರುವುದು ಸುಮಾರು 44 ಕೋಟಿ. ಸೀಕ್ವೆನ್ಸ್‌ನ ಬೆಲೆಯನ್ನು ಇವತ್ತೊಮ್ಮೆ, ಮುಂದಿನ ವಾರ ಒಮ್ಮೆ ಬರೆದಿಟ್ಟುಕೊಂಡು ಎಷ್ಟು ತಿಂಗಳಿದೆ ಎಂದು ಲೆಕ್ಕ ಹಾಕಿ. ಸಮಯ ತೀರಾ ಕಡಿಮೆ ಇದ್ದರೆ ಸೀಕ್ವೆನ್ಸ್‌ನ ಕನಿಷ್ಠ ಮಿತಿಯನ್ನು ಇಳಿಸಿ, ಮೈನಸ್ 214 ಕೋಟಿಯ ಕಡೆಯಿಂದ ಮೇಲಕ್ಕೆ ಎಣಿಸಲು ಹೇಳಬಹುದು. ಐಡಿ ಪ್ರಕಾರ ವಿಂಗಡಿಸುವ, ಅಥವಾ ಐಡಿ ಸೊನ್ನೆಗಿಂತ ಹೆಚ್ಚು ಎಂದು ನಂಬಿರುವ ಕೋಡ್ ನಿಮ್ಮಲ್ಲಿ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಹಾಗೆ ಮಾಡಿ.