ಆ ಕಿತ್ತಳೆ ಹಣ್ಣು ಎಲ್ಲಿ ಹೋಯಿತು?

ನಮಸ್ಕಾರ.

ಪ್ಯಾಲೆಸ್ತೀನಿನ ಕಾದಂಬರಿಕಾರ ಘಸ್ಸಾನ್ ಕನಫಾನಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಪತ್ರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ಪೂರ್ತಿ ಇಸವಿಗಳು. 1936ರಲ್ಲಿ ಪ್ಯಾಲೆಸ್ತೀನಿನ ಅಕ್ಕಾ ಪಟ್ಟಣದಲ್ಲಿ ಹುಟ್ಟು. 1948ರಲ್ಲಿ, ಇಸ್ರೇಲ್ ಹುಟ್ಟಿದ ಯುದ್ಧದ ಹೊತ್ತಿನಲ್ಲಿ, ಹನ್ನೆರಡನೇ ವಯಸ್ಸಿಗೆ, ಮನೆಯವರ ಜೊತೆ ಊರು ಬಿಟ್ಟಿದ್ದು. ಲೆಬನಾನ್, ಡಮಾಸ್ಕಸ್, ಕುವೈತ್, ಬೈರೂತ್. 1972ರ ಜುಲೈ 8ರಂದು ಕಾರಿನಲ್ಲಿಟ್ಟ ಬಾಂಬಿಗೆ ಬಲಿ. ಎಲ್ಲ ಸರಿಯಾಗಿದೆ, ಆದರೆ ಒಂದೂ ಕಣ್ಣಿಗೆ ಕಟ್ಟುವುದಿಲ್ಲ. ಮೂರನೇ ಪುಟದಿಂದ 'ಸ್ಥಳಾಂತರದ ನೋವು' ಶುರುವಾಗುತ್ತದೆ. ಎಣಿಸಿ ನೋಡಿದೆ, ಹದಿನಾಲ್ಕು ಸಲ ಬಂದಿದೆ. ನಾಲ್ಕೈದು ಸಲ ಆಗುವಷ್ಟರಲ್ಲೇ ಆ ಮಾತಿನಲ್ಲಿ ನೋವು ಉಳಿದಿರಲಿಲ್ಲ.

'ದುಃಖದ ಕಿತ್ತಳೆಗಳ ನಾಡು' ಕಥೆಗೆ ನೀವು ಕೊಟ್ಟಿರುವುದು ಒಂದೇ ಒಂದು ವಾಕ್ಯ: "ತಾಯ್ನಾಡು ಕಳೆದುಕೊಂಡವರ ವೇದನೆಯನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ." ಕಥೆಯಲ್ಲಿ ಏನಾಗುತ್ತದೆ, ನೆನಪಿಸಿಕೊಳ್ಳಿ. ಅಕ್ಕಾದಿಂದ ಹೊರಟ ಲಾರಿ ಲೆಬನಾನ್ ಗಡಿಯ ಹತ್ತಿರ ನಿಲ್ಲುತ್ತದೆ. ದಾರಿಬದಿಯಲ್ಲಿ ಒಬ್ಬ ರೈತ ಕಿತ್ತಳೆ ಬುಟ್ಟಿ ಇಟ್ಟುಕೊಂಡು ಕೂತಿದ್ದಾನೆ. ಹೆಂಗಸರು ಇಳಿದು ಹೋಗಿ ಹಣ್ಣು ತರುತ್ತಾರೆ, ಅಳುತ್ತಾರೆ. ಮನೆಯ ಯಜಮಾನ ಒಂದು ಹಣ್ಣು ಕೈಗೆ ತಗೊಂಡು ಸುಮ್ನೆ ನೋಡುತ್ತಾನೆ. ಆಮೇಲೆ ಮಗುವಿನ ಹಾಗೆ ಅತ್ತುಬಿಡುತ್ತಾನೆ. ಕಥೆಯ ಕೊನೆಗೆ ಅವನ ಹಾಸಿಗೆಯ ಪಕ್ಕ ಒಂದು ಪಿಸ್ತೂಲಿದೆ, ಅದರ ಪಕ್ಕ ಒಣಗಿ ಸುಕ್ಕುಗಟ್ಟಿದ ಒಂದು ಕಿತ್ತಳೆ. ಕನಫಾನಿ ಇಷ್ಟೇ ಇಟ್ಟರು. ನಿಮ್ಮ ಲೇಖನದಲ್ಲಿ ಆ ಹಣ್ಣೇ ಇಲ್ಲ. ಲೇಖನವನ್ನು ವಾಪಸ್ ಕಳಿಸುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಡಮಾಸ್ಕಸ್‌ನ ದಿನಗಳನ್ನು "ಕೆಲಕಾಲ ಶಿಕ್ಷಕರಾಗಿದ್ದರು" ಅಂತ ಮುಗಿಸಿಬಿಟ್ಟಿದ್ದೀರಿ. ನಿರಾಶ್ರಿತರ ಮಕ್ಕಳ ಶಾಲೆ ಅದು. ಪಠ್ಯದಲ್ಲಿ ಇದ್ದ ಹಾಗೆ ಅವರು ಹಲಗೆಯ ಮೇಲೆ ಸೇಬು, ಬಾಳೆಹಣ್ಣು ಬರೆಯುತ್ತಿದ್ದರು. ಈ ಮಕ್ಕಳು ಇವನ್ನು ಕಂಡೇ ಇಲ್ಲ ಅನ್ನುವುದು ಅವರಿಗೆ ಆಗ ಹೊಳೆಯಿತು. ಹಲಗೆ ಒರೆಸಿ, "ನಮ್ಮ ಕ್ಯಾಂಪಿನ ಚಿತ್ರ ಬರೆಯಿರಿ" ಅಂದರು. ತಪಾಸಣೆಗೆ ಬಂದ ಅಧಿಕಾರಿ ಆಕ್ಷೇಪ ಎತ್ತಿದ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಮೇಷ್ಟ್ರು ಲೇಖಕ ಆದದ್ದು ಹೇಗೆ ಅಂತ ತೋರಿಸಲು ನಿಮಗೆ ಇದಕ್ಕಿಂತ ಜಾಸ್ತಿ ಏನು ಬೇಕಿತ್ತು?

'ಬಿಸಿಲಲ್ಲಿ ಗಂಡಸರು' ಭಾಗದಲ್ಲಿ ನನಗೆ ನಿಜವಾದ ತಕರಾರಿದೆ. 1963ರ ಈ ಕಿರುಕಾದಂಬರಿಯನ್ನು ನೀವು "ಜಗತ್ತಿನ ಮೌನದ ವಿರುದ್ಧ ಕೂಗು" ಎನ್ನುತ್ತೀರಿ. ಅದು ಅಷ್ಟು ಸಲೀಸಾದ ಪುಸ್ತಕ ಅಲ್ಲ. ಕೆಲಸ ಹುಡುಕಿ ಬಸ್ರಾದಿಂದ ಕುವೈತಿಗೆ ಕದ್ದು ಹೊರಟ ಮೂವರು ಖಾಲಿ ನೀರಿನ ಟ್ಯಾಂಕರ್ ಒಳಗೆ ಅವಿತು ಕೂರುತ್ತಾರೆ. ಆಗಸ್ಟ್ ತಿಂಗಳ ಬಿಸಿಲು. ಆರೇಳು ನಿಮಿಷ ತಡೆದುಕೊಂಡರೆ ಸಾಕು ಅಂದಿರುತ್ತಾನೆ ಡ್ರೈವರ್. ಮೊದಲ ಗಡಿ ಠಾಣೆ ದಾಟುತ್ತದೆ. ಎರಡನೆಯದರಲ್ಲಿ ಅಧಿಕಾರಿಗಳು ಬಸ್ರಾದ ನರ್ತಕಿಯೊಬ್ಬಳ ಹೆಸರು ಹಿಡಿದು ಅವನನ್ನು ಕಿಚಾಯಿಸುತ್ತಾ ಹೊತ್ತು ಕಳೆಯುತ್ತಾರೆ. ಅವನು ಬಂದು ಮುಚ್ಚಳ ತೆಗೆದಾಗ ಮೂವರೂ ಸತ್ತಿರುತ್ತಾರೆ. ಹೆಣಗಳನ್ನು ಕಸದ ಗುಡ್ಡೆ ಹತ್ತಿರ ಎಸೆದು, ಅವರ ದುಡ್ಡು, ಒಬ್ಬನ ಕೈಗಡಿಯಾರ ಎತ್ತಿಕೊಂಡು ಅವನು ಕೇಳುತ್ತಾನೆ: ಟ್ಯಾಂಕಿನ ಗೋಡೆ ಯಾಕೆ ಬಡಿಯಲಿಲ್ಲ ನೀವು? ಕೇಳುವವನು ಯಾರು ನೋಡಿ. ಅವನೂ ಪ್ಯಾಲೆಸ್ತೀನಿಯೇ, 1948ರ ಯುದ್ಧದಲ್ಲಿ ಗಂಡಸುತನ ಕಳೆದುಕೊಂಡವನು. ತನ್ನ ಜನರ ಮೇಲಿನ ಪ್ರೀತಿ, ಅವರ ಮೇಲಿನ ಸಿಟ್ಟು ಎರಡೂ ಆ ಪ್ರಶ್ನೆಯಲ್ಲಿವೆ. ಪುಸ್ತಕ ಬರೆಯುವಾಗ ಕನಫಾನಿ ಬಳಿಯೇ ಸರಿಯಾದ ಕಾಗದಪತ್ರ ಇರಲಿಲ್ಲ, ಬೈರೂತಿನ ಮನೆಯಲ್ಲಿ ಅವಿತಿದ್ದರು. ಇದನ್ನು ನೀವು ಒಂದನೇ ಪುಟದಲ್ಲಿ ಹಾಕಿದ್ದೀರಿ. ಅದರ ಜಾಗ ಇಲ್ಲಿ, ಟ್ಯಾಂಕರಿನ ಪಕ್ಕ.

ಇನ್ನೊಂದು ಮಾತು. ಅವರು ಪ್ಯಾಲೆಸ್ತೀನ್ ವಿಮೋಚನೆಯ ಜನತಾ ರಂಗದ ವಕ್ತಾರರಾಗಿದ್ದರು, 1969ರಿಂದ ಅದರ 'ಅಲ್ ಹದಫ್' ಪತ್ರಿಕೆಯ ಸಂಪಾದಕರೂ ಆಗಿದ್ದರು. ಇದು ನಿಮ್ಮ ಲೇಖನದಲ್ಲಿ ಇಲ್ಲ. 1972ರ ಮೇ 30ರಂದು ಆ ಸಂಘಟನೆಯ ಪರವಾಗಿ ಬಂದ ಬಂದೂಕುಧಾರಿಗಳು ಇಸ್ರೇಲಿನ ಲೋದ್ ವಿಮಾನ ನಿಲ್ದಾಣದಲ್ಲಿ 26 ಜನರನ್ನು ಕೊಂದರು. ಕನಫಾನಿ ಸತ್ತದ್ದು ಅದಾಗಿ ಆರು ವಾರ ತುಂಬುವ ಮೊದಲೇ. ಅವರ ಜೊತೆ ಸೋದರಿಯ ಮಗಳು, ಹದಿನೇಳರ ಲಮೀಸ್ ಕೂಡ ಸತ್ತಳು. ಅವಳು ಚಿಕ್ಕವಳಿದ್ದಾಗ ಹುಟ್ಟುಹಬ್ಬಕ್ಕೆ ಅವರು ಕಥೆ ಬರೆದುಕೊಟ್ಟಿದ್ದರು. ಇಷ್ಟನ್ನೂ ಬರೆಯಿರಿ. ಮುಚ್ಚಿಟ್ಟರೆ ಓದುಗರಿಗೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಲಿಂಗನಮಕ್ಕಿ ಮುಳುಗಡೆಯ ಜೊತೆ ಹೋಲಿಸಿದ ಪ್ಯಾರಾ ತೆಗೆಯಿರಿ. ನಮ್ಮವರ ಸಂಕಟ ಸಣ್ಣದು ಅಂತ ಅಲ್ಲ. ಅವರ ಊರು ನೀರಿನಡಿ ಹೋಯಿತು, ಅದರ ಕಥೆ ಬೇರೆ, ಅದಕ್ಕೆ ಬೇರೆಯೇ ಲೇಖನ ಬೇಕು. ಕನಫಾನಿಯ 'ಹೈಫಾಗೆ ಮರಳಿ' ಕಿರುಕಾದಂಬರಿಯಲ್ಲಿ ಸಯೀದ 1948ರಲ್ಲಿ ಬಿಟ್ಟುಹೋದ ಮನೆ ಮುಳುಗಿಲ್ಲ. ಇಪ್ಪತ್ತು ವರ್ಷದ ಮೇಲೂ ಹಾಗೇ ನಿಂತಿದೆ. ಒಳಗೆ ಬೇರೆಯವರಿದ್ದಾರೆ, ಅವನು ಬಿಟ್ಟುಹೋದ ಕೂಸನ್ನು ಸಾಕಿದ್ದಾರೆ, ಹುಡುಗ ಈಗ ಇಸ್ರೇಲಿ ಸೇನೆಯ ಸಮವಸ್ತ್ರದಲ್ಲಿದ್ದಾನೆ. ಸಾಕಿದ ಮಿರಿಯಂ ಕೂಡ ತನ್ನ ತಂದೆಯನ್ನು ನಾಜಿಗಳ ಸಾವಿನ ಶಿಬಿರವಾಗಿದ್ದ ಆಶ್ವಿಟ್ಜ್‌ನಲ್ಲಿ ಕಳೆದುಕೊಂಡವಳು. ಇದನ್ನು ಕನಫಾನಿ 1969ರಲ್ಲಿ ಬರೆದರು, ಅದೇ ಪತ್ರಿಕೆ ನಡೆಸುತ್ತಿದ್ದ ವರ್ಷ. ಅವಳ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ, ಅಲ್ವಾ?

ಲೇಖನದ ಜೊತೆಗಿದ್ದ ಪತ್ರದಲ್ಲಿ ನೀವು ಬರೆದಿದ್ದೀರಿ: "ಹೂದಾನಿಯಲ್ಲಿ ಏಳು ನವಿಲುಗರಿ ಇತ್ತು, ಈಗ ಐದೇ ಇವೆ ಅಂತ ಸಯೀದ ಎಣಿಸಿದಾಗ ಪುಸ್ತಕ ಮುಚ್ಚಿಟ್ಟೆ. ಉಳಿದೆರಡು ಎಲ್ಲಿ ಹೋದವು ಅಂತ ರಾತ್ರಿಯೆಲ್ಲ ಯೋಚನೆ." ಹದಿನೆಂಟು ಪುಟದಲ್ಲಿ ಇಂಥ ಒಂದು ಸಾಲು ನನಗೆ ಸಿಗಲಿಲ್ಲ. ಲೇಖನವನ್ನು ಈ ಗರಿಗಳಿಂದ ಶುರು ಮಾಡಿ, ಎಂಟು ಪುಟ ಸಾಕು. ಮುಂದಿನ ತಿಂಗಳು ಹದಿನೈದರೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.