ಆರ್720ಕ್ಕೆ ಫರ್ಮ್‌ವೇರ್: ಒಂದೇ ನೆಗೆತ ಬೇಡ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ

ನಮಸ್ಕಾರ. ನೀವು ಬರೆದಂತೆ ನಿಮ್ಮದು ಡೆಲ್ ಪವರ್‌ಎಡ್ಜ್ ಆರ್720 ಸರ್ವರ್. ಸರ್ವರನ್ನು ದೂರದಿಂದ ನಿಭಾಯಿಸುವ ಒಳ ಕಂಟ್ರೋಲರ್ ಐಡ್ರ್ಯಾಕ್7ರ ಫರ್ಮ್‌ವೇರ್ (ಯಂತ್ರದ ಭಾಗದೊಳಗೇ ಇರುವ ಸಾಫ್ಟ್‌ವೇರ್) 1.40.40, ಯಂತ್ರವನ್ನು ಶುರು ಮಾಡಿಸುವ ಬಯೋಸ್ 1.6.0, ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡ್ ಎಚ್710 ಮಿನಿ. ಐಡ್ರ್ಯಾಕ್‌ಗೆ ನೇರವಾಗಿ 2.65.65.65 ಹಾಕಲು ಹೋದರೆ ರೆಡ್007 ಎಂಬ ದೋಷ, ಅಂದರೆ ಪ್ಯಾಕೇಜಿನ ಸಹಿ ಪರಿಶೀಲಿಸಲಾಗಲಿಲ್ಲ ಎಂಬ ಸಂದೇಶ ಬರುತ್ತಿದೆ. ಅದೇ ಫೈಲನ್ನು ನಾಲ್ಕನೇ ಸಲ ಡೌನ್‌ಲೋಡ್ ಮಾಡುವ ಮುನ್ನ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಫೈಲ್ ಕೆಟ್ಟಿಲ್ಲವೆಂದು ತೋರಿಸುವ ಗುರುತು) ಡೆಲ್ ಪುಟದಲ್ಲಿರುವುದಕ್ಕೆ ತಾಳೆ ನೋಡಿ. ಹೊಂದಿದರೆ ಫೈಲ್ ಸರಿಯಿದೆ. 1ರ ಸರಣಿಯ ಹಳೆಯ ಫರ್ಮ್‌ವೇರ್‌ನಿಂದ ಕೊನೆಯ ಆವೃತ್ತಿಗೆ ಒಮ್ಮೆಲೇ ಹಾರಿದ್ದೇ ಇಲ್ಲಿನ ತೊಡಕು.

ಮೊದಲು ಐಡ್ರ್ಯಾಕ್, ಆಮೇಲೆ ಬಯೋಸ್, ಕೊನೆಗೆ ಉಳಿದದ್ದು. ಈ ಅನುಕ್ರಮ ತಪ್ಪಿಸಬೇಡಿ. ಬಯೋಸ್, ರೇಡ್, ನೆಟ್‌ವರ್ಕ್ ಕಾರ್ಡ್ ಯಾವುದರ ಪ್ಯಾಕೇಜ್ ಹಾಕಿದರೂ ಅದನ್ನು ಪರಿಶೀಲಿಸಿ, ಸರದಿಗೆ ಸೇರಿಸಿ, ಮರುಚಾಲನೆಯಲ್ಲಿ ಬರೆಸುವುದು ಐಡ್ರ್ಯಾಕ್ ಮತ್ತು ಅದರ ಜೊತೆಗಿರುವ ಅಪ್‌ಡೇಟ್ ನಿರ್ವಾಹಕ ಲೈಫ್‌ಸೈಕಲ್ ಕಂಟ್ರೋಲರ್. ಅವೇ ಹಳತಾಗಿದ್ದರೆ ಉಳಿದ ಎಲ್ಲವೂ ಅರ್ಧದಲ್ಲಿ ನಿಲ್ಲುತ್ತವೆ.

ಶುರು ಮಾಡುವ ಮುಂಚೆ ಇಷ್ಟು ಮುಗಿಸಿ. ಡೇಟಾ ಬ್ಯಾಕಪ್ ಬೇರೆ ಯಂತ್ರದಲ್ಲಿರಲಿ. ಐಡ್ರ್ಯಾಕ್ ಎಂಟರ್‌ಪ್ರೈಸ್ ಲೈಸೆನ್ಸ್ ಇದ್ದರೆ ಅದನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಎಫ್2 ಒತ್ತಿ ಬಯೋಸ್ ಸೆಟ್ಟಿಂಗ್‌ಗಳ ಪ್ರತಿ ಪುಟದ ಫೋಟೋ ತೆಗೆಯಿರಿ, ಅದರಲ್ಲೂ ಬೂಟ್ ಮೋಡ್ ಬಯೋಸ್ ಇದೆಯೋ ಯುಇಎಫ್‌ಐ ಇದೆಯೋ, ವರ್ಚುವಲೈಸೇಷನ್ ಆನ್ ಇದೆಯೋ, ಸಾಟಾ ಮೋಡ್ ಯಾವುದು ಎಂಬುದು ಮುಖ್ಯ. ಟಿಪಿಎಂ ಭದ್ರತಾ ಚಿಪ್ ಜೊತೆ ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಬಳಸುತ್ತಿದ್ದರೆ ಅದನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ, ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳಿ. ಇಲ್ಲದಿದ್ದರೆ ಬಯೋಸ್ ಬದಲಾದ ಮೇಲಿನ ಮೊದಲ ಬೂಟ್‌ನಲ್ಲೇ ಕೀ ಕೇಳುತ್ತದೆ.

ಇಷ್ಟು ವಯಸ್ಸಾದ ಯಂತ್ರದಲ್ಲಿ ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಹೊಸದು 3 ವೋಲ್ಟ್ ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ಈಗಲೇ ಬದಲಿಸಿ. ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ನಿಗದಿಯಾದ ಅಪ್‌ಡೇಟ್ ಕೆಲಸಗಳು, ಅಂದರೆ ಜಾಬ್‌ಗಳು, ಸರದಿಯಲ್ಲೇ ಕೂರುತ್ತವೆ, ಲಾಗ್ ಓದಿದರೂ ಅರ್ಥವಾಗುವುದಿಲ್ಲ. ರೇಡ್ ಕಡೆ ವರ್ಚುವಲ್ ಡಿಸ್ಕ್‌ಗಳೆಲ್ಲ ಸುಸ್ಥಿತಿಯಲ್ಲಿರಬೇಕು. ರೀಬಿಲ್ಡ್ (ಕೆಟ್ಟ ಡಿಸ್ಕಿನ ಡೇಟಾವನ್ನು ಮತ್ತೆ ಕಟ್ಟುವುದು) ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ. ಎರಡೂ ಪವರ್ ಸಪ್ಲೈಗೆ ಕರೆಂಟ್ ಇರಲಿ, ಒಂದಾದರೂ ಯುಪಿಎಸ್ ಮೇಲಿರಲಿ.

ಈಗ ಐಡ್ರ್ಯಾಕ್. 1.40.40ರಿಂದ ಮೊದಲು 1.66.65ಕ್ಕೆ ಬನ್ನಿ. ಅಲ್ಲಿಂದ 2.10.10.10, ಆಮೇಲೆ 2.65.65.65. ಮಧ್ಯದ ಮೆಟ್ಟಿಲು ಬಿಟ್ಟು ಹಾರಿದವರಿಗೂ ಕೆಲವೊಮ್ಮೆ ಆಗಿಬಿಡುತ್ತದೆ ನಿಜ, ಆದರೆ ಒಂದು ಮೆಟ್ಟಿಲಿಗೆ ಹಿಡಿಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದನ್ನು ಉಳಿಸಲು ಹೋಗಿ ಕಂಟ್ರೋಲರ್ ಕಳೆದುಕೊಳ್ಳುವುದು ಬೇಡ. 1ರ ಸರಣಿಯಲ್ಲಿ ಲೈಫ್‌ಸೈಕಲ್ ಕಂಟ್ರೋಲರ್‌ಗೆ ಬೇರೆಯೇ ಪ್ಯಾಕೇಜ್ ಇತ್ತು. 2ರ ಸರಣಿಯಲ್ಲಿ ಎರಡೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ.

ವೆಬ್ ಪುಟದಿಂದ ಹಾಕುವುದಾದರೆ 64-ಬಿಟ್ ವಿಂಡೋಸ್ ಪ್ಯಾಕೇಜನ್ನೇ ಇಳಿಸಿಕೊಳ್ಳಿ. ಸರ್ವರ್‌ನಲ್ಲಿ ಲಿನಕ್ಸ್ ಇದ್ದರೂ ಐಡ್ರ್ಯಾಕ್‌ಗೆ ಬೇಕಾಗಿರುವುದು ಆ .ಇಎಕ್ಸ್‌ಇ ಫೈಲೇ. ಲಿನಕ್ಸ್‌ನ .ಬಿನ್ ಪ್ಯಾಕೇಜ್‌ಗಳು ರೆಡ್‌ಹ್ಯಾಟ್ ಮತ್ತು ಸೂಸೆಯನ್ನು ಗಮನದಲ್ಲಿಟ್ಟು ಮಾಡಿದವು, ಪ್ರಾಕ್ಸ್‌ಮಾಕ್ಸ್ ಅಥವಾ ಡೆಬಿಯನ್ ಮೇಲೆ ಅವುಗಳ ಜೊತೆ ಗುದ್ದಾಡಬೇಡಿ. ಹಳೆಯ ಲೈಫ್‌ಸೈಕಲ್ ಕಂಟ್ರೋಲರ್‌ನ ಎಫ್10 ಮೆನುವಿನಲ್ಲಿ ಡೆಲ್‌ನ ಎಫ್‌ಟಿಪಿಯಿಂದ ಅಪ್‌ಡೇಟ್ ಎಂಬ ಆಯ್ಕೆ ಇರುತ್ತದೆ, ಅದನ್ನೂ ನಂಬಬೇಡಿ. ಆ ದಾರಿ ಮುಚ್ಚಿದೆ.

ಇಷ್ಟು ಹಳೆಯ ಐಡ್ರ್ಯಾಕ್ ಪುಟವನ್ನು ಈಗಿನ ಬ್ರೌಸರ್ ತೆರೆಯದೇ ಇರಬಹುದು, ಏಕೆಂದರೆ ಅದು ಮಾತಾಡುವುದು ಹಳೆಯ ಟಿಎಲ್‌ಎಸ್, ಅಂದರೆ ಸುರಕ್ಷಿತ ಸಂಪರ್ಕದ ಹಳೆಯ ನಿಯಮ. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್‌ನಲ್ಲಿ ಟಿಎಲ್‌ಎಸ್ ಕನಿಷ್ಠ ಆವೃತ್ತಿಯನ್ನು 1 ಮಾಡಿ ಪ್ರಯತ್ನಿಸಿ, ಕೆಲಸ ಮುಗಿದ ಕೂಡಲೇ ಹಿಂದಕ್ಕೆ ಹಾಕಿ. ಅದೂ ಆಗದಿದ್ದರೆ ಪ್ಯಾಕೇಜನ್ನು ಬಿಚ್ಚಿ, ಒಳಗಿರುವ ಫರ್ಮ್‌ಐಎಂಜಿ.ಡಿ7 ಫೈಲನ್ನು ಟಿಎಫ್‌ಟಿಪಿ (ಸರಳ ಫೈಲ್ ವರ್ಗಾವಣೆ) ಸರ್ವರ್‌ನಲ್ಲಿಟ್ಟು, ದೂರದಿಂದ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಮೂಲಕ ಐಡ್ರ್ಯಾಕ್‌ನ ಆಜ್ಞಾ ಸಾಧನ ರ‍್ಯಾಕ್‌ಅಡ್ಮ್‌ನ ಎಫ್‌ಡಬ್ಲ್ಯೂಅಪ್‌ಡೇಟ್ ಆಜ್ಞೆ ಕೊಡಿ. ನನ್ನ ಮಟ್ಟಿಗೆ 1ರ ಸರಣಿಯಲ್ಲಿ ಇದೇ ಹೆಚ್ಚು ಭರವಸೆಯ ದಾರಿ.

ಪ್ರತಿ ಮೆಟ್ಟಿಲಿಗೂ ಮುನ್ನ ಜಾಬ್ ಸರದಿ ಖಾಲಿ ಇರಬೇಕು. ಸಿಕ್ಕಿಹಾಕಿಕೊಂಡ ಹಳೆಯ ಜಾಬ್ ಒಂದಿದ್ದರೂ ಹೊಸದು ಕದಲುವುದಿಲ್ಲ. ರ‍್ಯಾಕ್‌ಅಡ್ಮ್‌ನ ಜಾಬ್‌ಕ್ಯೂ ಆಜ್ಞೆಯಲ್ಲಿ ಜೆಐಡಿ_ಕ್ಲಿಯರ್‌ಆಲ್ ಕೊಟ್ಟು ಅಳಿಸಿ. ಹೋಗದಿದ್ದರೆ ಅದರ ಕೊನೆಗೆ _ಫೋರ್ಸ್ ಸೇರಿಸಿ, ನಂತರ ರ‍್ಯಾಕ್‌ರೀಸೆಟ್ ಮಾಡಿ. ಬರೆಯುವುದು ಮುಗಿದ ಮೇಲೆ ಐಡ್ರ್ಯಾಕ್ ತಾನೇ ಮರುಚಾಲನೆಗೊಳ್ಳುತ್ತದೆ. ಆ ಕೆಲವು ನಿಮಿಷ ಪಿಂಗ್ ಸಿಗುವುದಿಲ್ಲ, ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ಕೂಗಬಹುದು. ಗಾಬರಿಯಾಗಿ ಪ್ಲಗ್ ಎಳೆಯುವುದೇ ಇಲ್ಲಿ ನಡೆಯುವ ದೊಡ್ಡ ಅನಾಹುತ. ಹತ್ತು ಹದಿನೈದು ನಿಮಿಷ ಕೈಕಟ್ಟಿ ಕೂರಿ. ಅರ್ಧ ಗಂಟೆಯಾದರೂ ಜೀವ ಬರದಿದ್ದರೆ ಮುಂಭಾಗದ ಐ (i) ಗುರುತಿನ ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ, ಐಡ್ರ್ಯಾಕ್ ಮಾತ್ರ ಮರುಚಾಲನೆಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಸರ್ವರ್ ಶಟ್‌ಡೌನ್ ಮಾಡಿ, ಎರಡೂ ಪವರ್ ಕೇಬಲ್ ತೆಗೆದು, ಪವರ್ ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ.

ಮುಂದಿನ ಮೆಟ್ಟಿಲಿಗೆ ಹೋಗುವ ಮೊದಲು ಗೆಟ್‌ವರ್ಷನ್ ಆಜ್ಞೆ ಕೊಟ್ಟು ಹೊಸ ಸಂಖ್ಯೆ ಕಣ್ಣಾರೆ ನೋಡಿ. ಜಾಬ್ ಮುಗಿಯಿತು ಎಂಬ ಸಾಲು ಒಂದನ್ನೇ ನೋಡಿ ಮುಂದೆ ಹೋಗಬೇಡಿ. ಫ್ಯಾನ್ ವೇಗವನ್ನು ಐಪಿಎಂಐ (ಸರ್ವರ್ ನಿರ್ವಹಣೆಯ) ಆಜ್ಞೆಯಿಂದ ತಗ್ಗಿಸಿದ್ದರೆ ರೀಸೆಟ್ ಆದಮೇಲೆ ಅದನ್ನು ಮತ್ತೆ ಕೊಡಬೇಕಾಗುತ್ತದೆ.

ಬಯೋಸ್ ಇದಕ್ಕಿಂತ ಸುಲಭ. ಐಡ್ರ್ಯಾಕ್ 2.65.65.65ಕ್ಕೆ ಬಂದ ಮೇಲೆ ಅದೇ ಅಪ್‌ಡೇಟ್ ಪುಟದಿಂದ 2.9.0 ಹಾಕಿ, ಮರುಚಾಲನೆ ಕೊಡಿ. ಪರದೆ ಕಪ್ಪಾಗಿರುತ್ತದೆ, ಯಂತ್ರ ತಾನಾಗಿಯೇ ಒಂದೆರಡು ಸಲ ಮರುಚಾಲನೆಯಾಗಬಹುದು, ಬಿಡಿ. ಬಂದ ಮೇಲೆ ಫೋಟೋ ಜೊತೆ ಸೆಟ್ಟಿಂಗ್‌ಗಳನ್ನು ತಾಳೆ ನೋಡಿ. 2018ರಲ್ಲಿ ಬೆಳಕಿಗೆ ಬಂದ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷವನ್ನು ತಡೆಯಲು ಬೇಕಾದ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳು) ಇದರಲ್ಲಿದೆ, ಹಾಗಾಗಿ ಕೆಲವು ಕೆಲಸಗಳು ತುಸು ನಿಧಾನವೆನಿಸಬಹುದು. ಇ5-2600 ವಿ2 ಪ್ರೊಸೆಸರ್ ಹಾಕುವ ಯೋಚನೆ ಇದ್ದರೆ ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯೋಸ್ ಏರಿಸಿ. ಮೊದಲು ಪ್ರೊಸೆಸರ್ ಬದಲಿಸಿದರೆ 1.6.0 ಅದನ್ನು ಗುರುತಿಸುವುದಿಲ್ಲ, ಯಂತ್ರ ಪೋಸ್ಟ್ (ಆರಂಭದ ಸ್ವಪರೀಕ್ಷೆ) ದಾಟುವುದಿಲ್ಲ.

ಎಚ್710ರ ಬಗ್ಗೆ ಒಂದೇ ಎಚ್ಚರಿಕೆ. ಈ ಯಂತ್ರ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನವರು ಕಾರ್ಡನ್ನು ಐಟಿ ಮೋಡ್‌ಗೆ (ರೇಡ್ ಇಲ್ಲದೆ ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಸ್ಥಿತಿ) ಬದಲಿಸಿರಬಹುದು. ಬೂಟ್ ಆಗುವಾಗ ಡೆಲ್ ರೇಡ್ ಕಾರ್ಡ್‌ಗಳ ಪರ್ಕ್ ಹೆಸರಿನ ಬದಲು ಚಿಪ್ ತಯಾರಕ ಎಲ್‌ಎಸ್‌ಐ ಹೆಸರು ಕಂಡರೆ ಡೆಲ್‌ನ ರೇಡ್ ಫರ್ಮ್‌ವೇರ್ ಅದರ ಹತ್ತಿರವೂ ಸುಳಿಯಬಾರದು. ಮೂಲ ಕಾರ್ಡೇ ಆಗಿದ್ದರೆ ಬಯೋಸ್ ಆದ ಮೇಲೆ ಹಾಕಿ, ಎಲ್ಲ ಡಿಸ್ಕ್ ಬಂದಿವೆಯೇ ನೋಡಿ. ನೆಟ್‌ವರ್ಕ್ ಕಾರ್ಡ್ ಅದಾದ ಮೇಲೆ. ಡಿಸ್ಕ್‌ಗಳ ಫರ್ಮ್‌ವೇರನ್ನು, ನಿರ್ದಿಷ್ಟ ತೊಂದರೆ ಇಲ್ಲದಿದ್ದರೆ, ಹಾಗೇ ಬಿಡುವುದೇ ವಾಸಿ.

ಇಷ್ಟೆಲ್ಲ ಏರಿಸಿದರೂ ಐಡ್ರ್ಯಾಕ್7 ಹಳೆಯ ಸಾಫ್ಟ್‌ವೇರೇ. ಅದಕ್ಕೆ ಪ್ರತ್ಯೇಕ ವಿಎಲ್‌ಎಎನ್ (ಬೇರ್ಪಡಿಸಿದ ಒಳ ನೆಟ್‌ವರ್ಕ್) ಕೊಡಿ, ಇಂಟರ್‌ನೆಟ್‌ಗೆ ತೆರೆದಿಡಬೇಡಿ, ರೂಟ್ ಖಾತೆಯ ಫ್ಯಾಕ್ಟರಿ ಪಾಸ್‌ವರ್ಡ್ ಇವತ್ತೇ ಬದಲಿಸಿ.

1.66.65 ಹಾಕುವಾಗಲೂ ರೆಡ್007 ಬಂದರೆ ಲೈಫ್‌ಸೈಕಲ್ ಲಾಗ್‌ನ ಕೊನೆಯ ಹತ್ತು ಸಾಲು ಮತ್ತು ಗೆಟ್‌ವರ್ಷನ್ ತೋರಿಸಿದ್ದನ್ನು ಇಲ್ಲಿ ಹಾಕಿ. ಲೈಫ್‌ಸೈಕಲ್ ಕಂಟ್ರೋಲರ್ ರಿಕವರಿ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ, ಆಗ ಮೊದಲು ಅದರ ರಿಪೇರಿ ಪ್ಯಾಕೇಜ್ ಹಾಕಬೇಕಾಗುತ್ತದೆ.